ಮೊದಲೇ ತುಂಬಿದ್ದ ಪೆಟ್ಟಿಗೆ

ಕಾರ್ಖಾನೆಯ ಆಫೀಸಿನಲ್ಲಿ ಅವನನ್ನು ಎಲ್ಲರೂ ಫಾರಂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಹೆಸರಿಗೊಂದು ಪೆಟ್ಟಿಗೆ, ವಯಸ್ಸಿಗೊಂದು ಪೆಟ್ಟಿಗೆ, ಕೊನೆಗೊಂದು ‘ಸೇವ್’ ಬಟನ್. ಇಂಥ ಕಿಟಕಿಗಳನ್ನು ಕಟ್ಟುವುದು ಅವನ ಇಪ್ಪತ್ತು ವರ್ಷದ ಕಸುಬು. ಒಂದು ಪೆಟ್ಟಿಗೆ ಕೂದಲೆಳೆಯಷ್ಟು ಸಾಲು ತಪ್ಪಿದರೂ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮನೆಯ ಕಪಾಟಿನ ಬಾಗಿಲು ಎಂಟು ವರ್ಷದಿಂದ ಜೋತಾಡುತ್ತಿತ್ತು, ಅದು ಬೇರೆ ಮಾತು.

ಅಕ್ಕನ ಗಂಡ ಅದೇ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮುಂದೆ ನಿಲ್ಲುವವನು. ವರ್ಷಗಳು ಕಳೆದಂತೆ ಕಿವಿ ಮಂದವಾಗಿ, ಈಗ ಬೆನ್ನ ಹಿಂದೆ ಕೊಡ ಬಿದ್ದರೂ ತಿರುಗುತ್ತಿರಲಿಲ್ಲ. ಕೆಲಸದಿಂದ ಕಿವಿ ಕೆಟ್ಟವರನ್ನು ಸಾಮಾನು ಇಡುವ ಸದ್ದಿಲ್ಲದ ಸ್ಟೋರಿನ ಕೆಲಸಕ್ಕೆ ಹಾಕುವ ನಿಯಮವಿತ್ತು. ಉಳಿದ ಚೂರುಪಾರಾದರೂ ಉಳಿಯಲಿ ಎಂದು ಭಾವ ಅರ್ಜಿ ಕೊಟ್ಟ. ಉತ್ತರ ಬಂತು: ಒಂಬತ್ತು ವರ್ಷದ ತಪಾಸಣೆಯಲ್ಲೂ ಕಿವಿ ‘ಸರಿಯಾಗಿದೆ’, ಅರ್ಜಿದಾರ ಕಿವುಡನಂತೆ ನಟಿಸುತ್ತಿದ್ದಾನೆ.

ಅಕ್ಕ ಆ ಕಾಗದ ಹಿಡಿದುಕೊಂಡು ಬಂದಳು. “ನಿನ್ನ ಕಂಪ್ಯೂಟರಲ್ಲೇ ಹಾಗಿದೆಯಂತೆ, ನೋಡೋ. ನಾಟಕ ಆಡೋ ಮುಖಾನಾ ಅವರದು? ಮದುವೆ ಫೋಟೋದಲ್ಲೇ ನಗೋಕೆ ಬರ್ಲಿಲ್ಲ ಅವರಿಗೆ.”

ಅವನು ದಾಖಲೆ ತೆಗೆದು ನೋಡಿದ. ಭಾವನದಷ್ಟೇ ಅಲ್ಲ, ನಾನೂರು ಜನರ ಕಿವಿಯೂ ಒಂಬತ್ತು ವರ್ಷದಿಂದ ‘ಸರಿಯಾಗಿದೆ’. ಅಪಘಾತದಲ್ಲಿ ಒಂದು ಕಿವಿಯನ್ನೇ ಕಳೆದುಕೊಂಡಿದ್ದ ಗೇಟಿನ ಕಾವಲುಗಾರನದೂ.

ಮರುದಿನ ಕಾರ್ಖಾನೆಯ ದವಾಖಾನೆಗೆ ಹೋಗಿ ನರ್ಸಮ್ಮನ ಹಿಂದೆ ನಿಂತ. ಆಕೆ ಪರದೆಯತ್ತ ನೋಡುತ್ತಲೇ ಇರಲಿಲ್ಲ. ಕಣ್ಣು ತಪಾಸಣೆಯ ಕಾಗದದ ಮೇಲೆ, ಬೆರಳು ಕೀಲಿಗಳ ಮೇಲೆ; ಟ್ಯಾಬ್ ಕೀಲಿ ಒತ್ತಿದರೆ ಮುಂದಿನ ಪೆಟ್ಟಿಗೆ. ತೂಕ, ಟ್ಯಾಬ್, ರಕ್ತದೊತ್ತಡ, ಟ್ಯಾಬ್, ಎಂಟರ್. ಎರಡನೆಯ ಟ್ಯಾಬಿಗೇ ಕರ್ಸರ್ ಕಿವಿಯ ಪೆಟ್ಟಿಗೆಯನ್ನು ಹಾರಿಕೊಂಡು ನೇರ ‘ಸೇವ್’ಗೆ ಹೋಗಿ ಕೂತಿತು.

ಆ ಫಾರಂ ಅವನೇ ಒಂಬತ್ತು ವರ್ಷದ ಹಿಂದೆ ಕಟ್ಟಿದ್ದು. ಆ ಪೆಟ್ಟಿಗೆಯನ್ನು ಅವನು ಕೊನೆಗಳಿಗೆಯಲ್ಲಿ ಸೇರಿಸಿದ್ದ. ಕೊನೆಗೆ ಸೇರಿದ್ದಕ್ಕೆ ಟ್ಯಾಬ್ ಕೊನೆಗೇ, ‘ಸೇವ್’ ಆದಮೇಲೇ, ಹೋಗುತ್ತದೆ. ಸರದಿ ಬದಲಿಸುವುದನ್ನು ಮರೆತಿದ್ದ. ಖಾಲಿ ಬಿಟ್ಟರೆ ಬೊಚ್ಚುಬಾಯಿಯ ಹಾಗೆ ಕಾಣುತ್ತದೆಂದು, ಅಂದಕ್ಕಾಗಿ, ಆರಿಸುವ ಪಟ್ಟಿಯಲ್ಲಿ ಮೊದಲನೆಯದಾದ ‘ಸರಿಯಾಗಿದೆ’ಯನ್ನು ತಾನೇ ತುಂಬಿಟ್ಟಿದ್ದ.

“ಸಿಸ್ಟರ್, ಈ ಕಿವಿದು ತುಂಬಲ್ವಾ?”

“ಅದು ತಾನಾಗೇ ಬರುತ್ತಲ್ಲ ಸಾರ್. ಮಿಷಿನ್ನೇ ಲೆಕ್ಕ ಹಾಕುತ್ತೆ ಅಂದ್ಕೊಂಡಿದ್ವಿ.”

“ಕಿವಿ ತಪಾಸಣೆ ಬರೆದಿದ್ದ ಹಳೇ ಕಾಗದಗಳು?”

“ವರ್ಷಾ ವರ್ಷಾ ಸುಟ್ಟುಬಿಡ್ತೀವಿ. ಕಂಪ್ಯೂಟರಲ್ಲಿ ಇದೆಯಲ್ಲ.”

ಆ ಸಂಜೆ ಅಕ್ಕನ ಮನೆಗೆ ಹೋದ. ತಪ್ಪೊಪ್ಪಿಗೆಯನ್ನು ಪಿಸುಗುಟ್ಟಿ ಮುಗಿಸುವ ಭಾಗ್ಯವೂ ಅವನಿಗಿರಲಿಲ್ಲ. “ಭಾವ, ತಪ್ಪು ನಂದು” ಎಂದ. “ಆಂ?” ಎಂದ ಭಾವ. ಮೂರನೆಯ ಸಲ ಕೂಗುವಷ್ಟರಲ್ಲಿ ಬೀದಿಗೆಲ್ಲ ತಿಳಿಯಿತು, ಭಾವನೊಬ್ಬನನ್ನು ಬಿಟ್ಟು. ಕೊನೆಗೆ ಅಕ್ಕ ಗಂಡನ ಎದುರು ನಿಂತು ತುಟಿಯಾಡಿಸಿ ತಿಳಿಸಿದಳು.

ಭಾವ ಕೇಳಿದ. “ಸಾಹೇಬರ ಮುಂದೆ ಹೇಳ್ತೀಯಾ? ಕೆಲಸ ಹೋದೀತು ನಿಂದು.”

ಅವನು ಹೂಂ ಎಂದು ತಲೆಯಾಡಿಸಿದ. 

ಮ್ಯಾನೇಜರ್ ಅವನು ಬರೆದುಕೊಟ್ಟ ಎರಡು ಪುಟ ಓದಿ ಕನ್ನಡಕ ತೆಗೆದರು. “ಅಂದ್ರೆ ಒಂಬತ್ತು ವರ್ಷದ್ದೂ ಸುಳ್ಳು.”

“ಹೌದು ಸಾರ್.”

“ನಿಮ್ಮ ಭಾವಂದೂ ಸುಳ್ಳು.”

“ಅದೇ ಸಾರ್ ನಾನು ಹೇಳ್ತಿರೋದು.”

“ಹಾಗಾದ್ರೆ ಅವರ ಕಿವಿ ಇಲ್ಲೇ ಕೆಟ್ಟಿತು ಅನ್ನೋದಕ್ಕೆ ಏನಿದೆ? ಮೊದಲಿಂದ್ಲೇ ಹಾಗಿತ್ತೋ ಏನೋ.” ಮ್ಯಾನೇಜರ್ ಆ ಎರಡು ಪುಟ ಮಡಿಸಿಟ್ಟರು. “ಇರಲಿ, ಫಾರಂ ಸರಿಮಾಡಿ. ಅದರಲ್ಲೇ ಹೊಸದಾಗಿ ತಪಾಸಣೆ ಮಾಡಿಸೋಣ. ನಿಮ್ಮನ್ನ ತೆಗೆದ್ರೆ ಮಾಡೋರು ಯಾರು?”

ಎರಡು ದಿನ ಕೂತು ಸರಿಮಾಡಿದ. ಈ ಸಲ ಪೆಟ್ಟಿಗೆ ಖಾಲಿ. ಕೈಯಾರೆ ಆರಿಸದೆ ‘ಸೇವ್’ ಒತ್ತಲು ಬರದು. ಮೊದಲ ದಾಖಲೆ ಭಾವನದು. ಟ್ಯಾಬ್ ಕಿವಿಯ ಮುಂದೆ ನಿಂತಿತು. ನರ್ಸಮ್ಮ ಪಟ್ಟಿ ಇಳಿಸಿ ಆರಿಸಿದಳು: ‘ಎರಡೂ ಕಿವಿ ಕೇಳಿಸದು’.

ಆದೇಶ ವಾರದಲ್ಲಿ ಬಂತು. ನಟನೆಯ ಆರೋಪ ಕೈಬಿಡಲಾಗಿದೆ. ಅಪಾಯದ ಸೈರನ್ ಕೇಳಿಸದವರನ್ನು ಯಂತ್ರದ ಮುಂದೆ ನಿಲ್ಲಿಸುವಂತಿಲ್ಲ. ಕೆಲಸದಿಂದಲೇ ಕೆಟ್ಟಿತೆನ್ನಲು ದಾಖಲೆಯಿಲ್ಲವಾದ್ದರಿಂದ ಸ್ಟೋರಿನಲ್ಲೂ ಜಾಗವಿಲ್ಲ. ಅರ್ಜಿದಾರ ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ.

ಸಂಜೆ ಅಕ್ಕನ ಮನೆಗೆ ಹೋದ. ಅವಳು ಹೊಸ್ತಿಲಲ್ಲೇ ನಿಂತು ಕೇಳಿದಳು. “ಈ ಸಲ ಫಾರಂ ಸರಿಯಾಗಿ ಮಾಡಿದ್ಯೇನೋ?”

“ಹೂಂ ಅಕ್ಕ.”

ಅವಳು ಬಾಗಿಲು ಮುಂದೆ ಮಾಡಿಕೊಂಡಳು.