ಪಾಸ್‌ಪೋರ್ಟ್ ಇಲ್ಲದವರ ಹಾಳೆ

ಕುವೈತಿನ ಆಫೀಸಿನಲ್ಲಿ ಅದೇ ಕೆಲಸ ಮಾಡುವ ಬಿಳಿ ಎಂಜಿನಿಯರಿಗೆ ಅಪ್ಪನಿಗಿಂತ ಹೆಚ್ಚು ಸಂಬಳ ಎಂಬ ಮಾತು ಮನೆಯಲ್ಲಿ ಬಂದಾಗಲೆಲ್ಲ ನಾನು ಅಡ್ಡ ಬಾಯಿ ಹಾಕುತ್ತಿದ್ದೆ. ವ್ಯತ್ಯಾಸ ಇದ್ದ ಮಾತ್ರಕ್ಕೆ ಭೇದಭಾವ ಎನ್ನಲಾಗದು, ಅದು ಹೇಗೆ ಉಂಟಾಯಿತೆಂದು ತೋರಿಸಿ ಎನ್ನುತ್ತಿದ್ದೆ. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಇಂಥ ವಾದದಿಂದಲೇ ಕಪ್ ಗೆದ್ದವಳು. ಅಪ್ಪ ನಗುತ್ತಿದ್ದರು.

೧೯೯೦ರ ಆಗಸ್ಟಿನಲ್ಲಿ ಇರಾಕಿ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ ಎಲ್ಲ ತಲೆಕೆಳಗಾಯಿತು. ಸೈನಿಕರು ಒತ್ತೆಯಾಳಾಗಿ ಹಿಡಿಯುತ್ತಾರೆಂದು ಬಿಳಿಯರು ಮನೆಗಳಲ್ಲಿ ಅಡಗಿ ಕೂತರು. ನಮ್ಮಂಥವರು ಭಾರತದ ಪಾಸ್‌ಪೋರ್ಟ್ ತೋರಿಸಿ ಬಸ್ಸಿನಲ್ಲಿ ಇರಾಕಿನ ಮೂಲಕ ಜೋರ್ಡಾನಿನ ಗಡಿ ದಾಟಬಹುದಿತ್ತು. ಖೈತಾನ್ ಬಡಾವಣೆಯ ಒಂದು ಶಾಲೆಯಲ್ಲಿ ನಮ್ಮವರೇ ಸೇರಿ ಬಸ್ಸು ಹತ್ತುವವರ ಪಟ್ಟಿ ಮಾಡುತ್ತಿದ್ದರು. ಅಕ್ಷರ ಚೆನ್ನಾಗಿದೆ ಎಂದು ನನ್ನನ್ನು ಮೇಜಿಗೆ ಕೂರಿಸಿದ್ದರು.

ನಮ್ಮ ಕಟ್ಟಡದ ಕೆಳಗಿನ ಹೋಟೆಲಿನ ಅಡುಗೆಯವರು ಬಂದರು. ಉಡುಪಿ ಕಡೆಯವರು, ಅಂಗಡಿಗಳೆಲ್ಲ ಮುಚ್ಚಿದ ಮೇಲೂ ನಮಗೆ ದಿನಾ ಚಪಾತಿ ಕಳಿಸಿದವರು. ಅವರ ಪಾಸ್‌ಪೋರ್ಟ್ ಕಫೀಲನ, ಅಂದರೆ ಅವರನ್ನು ಕೆಲಸಕ್ಕೆ ಕರೆಸಿಕೊಂಡ ಯಜಮಾನನ, ಕಪಾಟಿನಲ್ಲಿತ್ತು. ಆತ ದೇಶ ಬಿಟ್ಟು ಹೋಗಿದ್ದ. ಪಾಸ್‌ಪೋರ್ಟ್ ಇಲ್ಲದೆ ಹೆಸರು ಬರೆಯುವಂತಿಲ್ಲ, ನಿಯಮ ಎಲ್ಲರಿಗೂ ಒಂದೇ ಎಂದೆ.

"ಒಂದೇ ಹೌದು ತಂಗಿ," ಎಂದರು ಅವರು. "ನಿಮ್ಮ ಅಪ್ಪನ ಪಾಸ್‌ಪೋರ್ಟು ನಿಮ್ಮ ಮನೆಯಲ್ಲುಂಟು. ನನ್ನದನ್ನು ನನ್ನ ಹತ್ತಿರ ಇಟ್ಟುಕೊಳ್ಳಲಿಕ್ಕೆ ಯಾರು ಬಿಟ್ಟಿದ್ದಾರೆ?"

ಪಾಸ್‌ಪೋರ್ಟ್ ಇಲ್ಲದೆ ಬಾಕಿ ಉಳಿದವರ ಹೆಸರು ಗುರುತು ಹಾಕಿಟ್ಟ ಹಾಳೆ ತೆಗೆದು ನೋಡಿದೆ. ಅಡುಗೆಯವರು, ಡ್ರೈವರುಗಳು, ಮನೆಗೆಲಸದ ಹೆಂಗಸರು. ಆಫೀಸಿನವರು ಒಬ್ಬರೂ ಇಲ್ಲ. ಈ ವ್ಯತ್ಯಾಸ ಹೇಗೆ ಉಂಟಾಯಿತೆಂದು ಅಡುಗೆಯವರು ಒಂದೇ ಮಾತಿನಲ್ಲಿ ತೋರಿಸಿದ್ದರು. ನಾನು ಎಲ್ಲರ ಹತ್ತಿರ ಕೇಳುತ್ತಿದ್ದ ಪುರಾವೆಯೇ ಅದು.

ಪಟ್ಟಿಯ ಮುಖ್ಯಸ್ಥರು, ಅಪ್ಪನ ಆಫೀಸಿನ ಹಿರಿಯರು, ಸುಲಭಕ್ಕೆ ಬಗ್ಗಲಿಲ್ಲ. ಒಬ್ಬನ ಕಾಗದ ಸರಿ ಇಲ್ಲದಿದ್ದರೆ ಇಡೀ ಬಸ್ಸನ್ನೇ ಗಡಿಯಿಂದ ತಿರುಗಿಸುತ್ತಾರೆ ಎಂದರು. ತಳ್ಳಿಹಾಕುವಂಥ ಮಾತಲ್ಲ. ಹಾಗಾದರೆ ಪಾಸ್‌ಪೋರ್ಟ್ ಏನನ್ನು ಸಾಬೀತು ಮಾಡುತ್ತದೆ ಎಂದು ಕೇಳಿದೆ. ಇವರು ಭಾರತೀಯರು ಎಂಬುದನ್ನು ತಾನೆ? ಅದಕ್ಕೆ ಬೇರೆ ಪುರಾವೆ ಕೊಟ್ಟರೆ ರಾಯಭಾರ ಕಚೇರಿಯವರು ತಾತ್ಕಾಲಿಕ ಕಾಗದ ಕೊಡಲಾರರೇ?

ಅಡುಗೆಯವರು ಓಡಿಹೋಗಿ ಬಿಸ್ಕತ್ತಿನ ಡಬ್ಬಿ ತಂದರು. ಒಳಗೆ ಒಂಬತ್ತು ವರ್ಷ ಊರಿನಿಂದ ಹೆಂಡತಿ ಬರೆದ ಪತ್ರಗಳು. ಪ್ರತಿಯೊಂದರ ಮೇಲೂ ಅವರ ಹೆಸರು, ಊರಿನ ಅಂಚೆಯ ಮುದ್ರೆ. ಅರ್ಧಕ್ಕರ್ಧ ಬೈಗುಳ ಎಂದು ಕಟ್ಟಡಕ್ಕೆಲ್ಲ ಗೊತ್ತಿತ್ತು, ಅವರೇ ಹೇಳಿಕೊಂಡು ನಗುತ್ತಿದ್ದರು.

"ಇದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದಲ್ಲ ಮಗಾ," ಎಂದರು ಹಿರಿಯರು.

"ಓದಿ ನೋಡಿ ಅಂಕಲ್. ಒಂಬತ್ತು ವರ್ಷ ಹೆಂಡತಿ ಬೈದದ್ದನ್ನು ಯಾರಾದರೂ ನಕಲು ಮಾಡ್ತಾರಾ?"

ಅಡುಗೆಯವರು ಒಪ್ಪಿ ತಲೆಯಾಡಿಸಿದ ಮೇಲೆ ಹಿರಿಯರು ಒಂದನ್ನು ಬಿಡಿಸಿದರು. ಅರ್ಧ ಓದುವಷ್ಟರಲ್ಲಿ ಮೀಸೆಯಡಿ ನಗು. ಡಬ್ಬಿಯನ್ನು ತಾವೇ ಕಂಕುಳಲ್ಲಿಟ್ಟುಕೊಂಡು ರಾಯಭಾರ ಕಚೇರಿಗೆ ಹೋಗಲು ಅಡುಗೆಯವರನ್ನು ಕಾರಿಗೆ ಹತ್ತಿಸಿದರು.

ಮೂರನೆಯ ದಿನ ಫೋಟೋ ಅಂಟಿಸಿದ, ಮೊಹರು ಬಿದ್ದ ಹಾಳೆ ಬಂತು. ಪಟ್ಟಿಯಲ್ಲಿ ಹೆಸರನ್ನು ನಾನೇ ಬರೆದೆ. ಬಾಕಿ ಉಳಿದವರಿಗೂ ಪತ್ರ, ಫೋಟೋ ಏನಿದೆಯೋ ತರಲು ಹೇಳಿ ಕಳಿಸಿದೆವು. ಅಡುಗೆಯವರಿದ್ದ ಬಸ್ಸು ಗಡಿ ದಾಟಿತೆಂದು ಡ್ರೈವರ್ ಮರಳಿ ಬಂದು ಹೇಳಿದ ಮಧ್ಯಾಹ್ನ, ಮೇಜಿನ ಮೇಲೆ ತಲೆಯಿಟ್ಟವಳು ಅಲ್ಲೇ ನಿದ್ದೆಹೋದೆ. ಎಚ್ಚರವಾದಾಗ ಕೆನ್ನೆಯ ಮೇಲೆಲ್ಲ ಶಾಯಿ. ಪಕ್ಕದಲ್ಲಿ ಹಿರಿಯರು ಬಾಕಿ ಹಾಳೆಯಲ್ಲಿ ಉಳಿದ ಹೆಸರುಗಳನ್ನು ತಾವೇ ಬಸ್ಸಿನ ಪಟ್ಟಿಗೆ ಬರೆಯುತ್ತಿದ್ದರು.