ಸಾಯಲೊಲ್ಲದ ಆರ್ಡಿಸ್

ಆರ್ಡಿಸ್ ಪ್ಲಂಕೆಟ್ ಹಾಲಿವುಡ್ಡಿನ ನಮ್ಮ ಸಣ್ಣ ಸ್ಟುಡಿಯೋದಲ್ಲಿ ಸಾಯುವುದಕ್ಕೆಂದೇ ಇದ್ದ ನಟಿ. ನಾವು ವಾರಕ್ಕೊಂದು ಅಗ್ಗದ ಚಿತ್ರ ತೆಗೆಯುತ್ತಿದ್ದೆವು. ಪ್ರತಿಯೊಂದರಲ್ಲೂ ಕಥೆ ಶುರುವಾಗಲು ಯಾರಾದರೂ ಕೊಲೆಯಾಗಬೇಕಿತ್ತು. ಅವಳ ಉಡುಪು ಹೊಲಿಯುತ್ತಿದ್ದ ನಾನು ಗುಂಡಿನ ತೂತಿಗೆ ತೇಪೆ ಹಾಕಿ ಅದನ್ನೇ ಮುಂದಿನ ಸಾವಿಗೂ ಕೊಡುತ್ತಿದ್ದೆ.

ಕೌಬಾಯ್ ಚಿತ್ರವೊಂದರಲ್ಲಿ ಗುಂಡು ಹಾರಿತು. ಆರ್ಡಿಸ್ ಬೀಳಲಿಲ್ಲ. ಎದೆ ಹಿಡಿದುಕೊಂಡು ಕುರ್ಚಿಯವರೆಗೆ ನಡೆದಳು, ಟೋಪಿ ಸರಿಮಾಡಿಕೊಂಡಳು, ಕೊಲೆಗಾರನ ಕಡೆ ತಿರುಗಿ, "ಗುರಿ ಇಡೋಕೂ ಬರಲ್ವಲ್ಲಯ್ಯ ನಿಂಗೆ," ಅಂದಳು. ಆಮೇಲಷ್ಟೇ ಮೆತ್ತನೆಯ ಜಾಗ ನೋಡಿ ಬಿದ್ದಳು.

ನಿರ್ದೇಶಕ ಹೋಬಾರ್ಟ್ ತಲೆಯ ಮೇಲೆ ಕೈ ಹೊತ್ತು ಕೂತರು. "ಏನಮ್ಮಾ ಇದು? ಸಾಯೋಕೆ ಇಷ್ಟು ಹೊತ್ತಾ?"

"ಇಷ್ಟು ವರ್ಷ ಬೇಗ ಬೇಗ ಸತ್ತಿದೀನಿ ಸಾರ್. ಇವತ್ತೊಂದಿನ ನಿಧಾನವಾಗಿ ಸಾಯ್ತೀನಿ, ಬಿಡಿ."

ಮತ್ತೆ ತೆಗೆಯೋಣವೆಂದರೆ ಕ್ಯಾಮೆರಾಕ್ಕೆ ಹಾಕುವ ಫಿಲ್ಮ್ ಸುರುಳಿ ಮುಗಿದಿತ್ತು. ಹಾಗೇ ಬಿಡುಗಡೆ ಮಾಡಿದರು. ಥಿಯೇಟರಿನಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಪಕ್ಕ ಕೂತಿದ್ದ ಆರ್ಡಿಸಳ ಮುಖ ಸಪ್ಪಗಾಯಿತು.

"ಅಳ್ತಾರೆ ಅಂದ್ಕೊಂಡಿದ್ದೆ ಕಣೆ," ಅಂದಳು.

"ಅಳಿಸೋ ಹೆಂಗಸರು ಈ ಊರಲ್ಲಿ ಬೀದಿಗೊಬ್ಬರಿದ್ದಾರೆ. ಸುಮ್ನೆ ಕೂತ್ಕೋ," ಅಂದೆ.

ಅಂದಿನಿಂದ ಅವಳಿಗೆ ಬಾಯಿಬಡುಕಿ ಅತ್ತೆ, ಜಗಳಗಂಟಿ ಹೋಟೆಲಿನವಳು, ಇಂಥ ಪಾತ್ರಗಳೇ ಬಂದವು. ಕೊನೆಯ ದೃಶ್ಯದವರೆಗೂ ಬದುಕಿರುತ್ತಿದ್ದಳು. ದುರಂತ ನಾಯಕಿಯಾಗುವ ಆಸೆಯನ್ನು ಮಾತ್ರ ಬಿಡಲಿಲ್ಲ. ಊಟದ ಬಿಡುವಿನಲ್ಲಿ ನಮ್ಮೆದುರು ಅತ್ತು ತೋರಿಸುತ್ತಿದ್ದಳು. ನಾವು ನಗು ತಡೆದುಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದೆವು.