ಹಲ್ಲು ನೋಡದೆ ಕೊಂಡ ಕುದುರೆ

ನಾನು ಎತ್ತಿನ ವ್ಯಾಪಾರದಲ್ಲಿ ಮೇಲೆ ಬಂದವನು. ಔರಾದ, ಭಾಲ್ಕಿ ಸಂತೆಗಳಲ್ಲಿ ನನ್ನನ್ನು ಕೇಳದೆ ಜೋಡಿ ಕೊಂಡವರು ಆಮೇಲೆ ಕೈ ಕೈ ಹಿಸುಕಿಕೊಂಡಿದ್ದಾರೆ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ. ಕೇಳಿದರೂ ಕೇಳದಿದ್ದರೂ ಸಲಹೆ ಕೊಡುವ ಈ ಚಾಳಿ ಸಿನಿಮಾದಲ್ಲೂ ನಡೆದೀತು ಎಂದುಕೊಂಡೆ.

ಬೀದರಿನ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮಗಳು ತಿಂಗಳಿಗೊಂದು ಒಳ್ಳೆಯ ಸಿನಿಮಾ ತೋರಿಸಬೇಕೆಂದು ಹೊರಟಿದ್ದಳು. ಜಾಗವಿರಲಿಲ್ಲ. ಭಾಲ್ಕಿಯ ನನ್ನ ಹಳೆಯ ಗಿರಾಕಿ ಸಾಹುಕಾರರೊಬ್ಬರದು ಬೀದರಿನಲ್ಲಿ ಮದುವೆ ಹಾಲ್ ಇದೆ. ಅದನ್ನು ಪುಕ್ಕಟೆ ಕೊಡಿಸುವ ಹೊಣೆ ಹೊತ್ತೆ. ಅವರು, ಮೊದಲು ಒಂದು ಸಿನಿಮಾ ನೋಡಿ ಆಮೇಲೆ ಹೇಳುತ್ತೇನೆ ಎಂದರು. ಮಗಳ ಆಸೆಯೆಲ್ಲ ಆ ಒಂದರ ಮೇಲೆ ನಿಂತಿತು.

ಆ ಹಾಲಿನಲ್ಲೇ ಒಂದು ಸಂಜೆ ಅವಳು ಹಾಕಿಸಿದ್ದು ಜಗತ್ತೆಲ್ಲ ಹೊಗಳಿದ ವಿದೇಶಿ ಚಿತ್ರವಂತೆ. ಒಬ್ಬ ಮುದುಕಿ ಕುದುರೆಯ ಮೈ ಉಜ್ಜುತ್ತಾಳೆ. ಉಜ್ಜುತ್ತಲೇ ಇರುತ್ತಾಳೆ. ಅಷ್ಟರಲ್ಲಿ ಸಂತಪುರಕ್ಕೆ ಬಸ್ಸಿನಲ್ಲಿ ಹೋಗಿ ಚಹಾ ಕುಡಿದು ಬರಬಹುದಿತ್ತು. ಕೊನೆಗೆ ಒಬ್ಬ ಬಂದು ಬೆಲೆ ಹೇಳುತ್ತಾನೆ, ಅವಳು ತಲೆಯಾಡಿಸುತ್ತಾಳೆ, ಅವನು ಕುದುರೆ ಹಿಡಿದುಕೊಂಡು ಹೋಗುತ್ತಾನೆ. ಹಲ್ಲು ನೋಡಲಿಲ್ಲ, ನಾಲ್ಕು ಹೆಜ್ಜೆ ನಡೆಸಲಿಲ್ಲ! ನನಗೆ ತಡೆಯಲಾಗಲಿಲ್ಲ. ಹಿಂಗಾಲು ಎಳೆಯುತ್ತದೆ, ಕೊಂಡವನು ಮೋಸಹೋದ, ಮುದುಕಿಯೂ ಮೊದಲ ಮಾತಿಗೇ ಒಪ್ಪಬಾರದಿತ್ತು ಎಂದು ಪಕ್ಕದಲ್ಲಿದ್ದ ಸಾಹುಕಾರರಿಗೆ ವಿವರಿಸುತ್ತಲೇ ಇದ್ದೆ. ಅವರು ಕುರ್ಚಿಯನ್ನು ಕೊಂಚ ಆಚೆ ಸರಿಸಿಕೊಂಡರು. ಸಿನಿಮಾ ಬೇಸರ ತಂದಿದೆ, ಹಾಲ್ ಹೋಯಿತು ಎಂದುಕೊಂಡೆ.

ದೀಪ ಹತ್ತಿತು. ಜನ ಚಪ್ಪಾಳೆ ತಟ್ಟಿದರು. ನಾನು ವ್ಯವಹಾರ ಉಳಿಸಲು ಸಾಹುಕಾರರ ಕೈ ಹಿಡಿದು, ಇದನ್ನು ಯಾಕೆ ಹೊಗಳುತ್ತಾರೋ ದೇವರಿಗೇ ಗೊತ್ತು, ಮುಂದಿನ ಸಲ ಹೊಡೆದಾಟದ್ದು ಹಾಕಿಸುತ್ತೇನೆ ಎಂದೆ.

ಮಗಳು ಹಿಂದೆಯೇ ನಿಂತಿದ್ದಳು. "ಅಪ್ಪಾ, ಸಂತ್ಯಾಗ ಟವಲ್ ಹೊಚ್ಚಿ ಬೆರಳ ಹಿಡಿದು ರೇಟ್ ಮಾಡ್ತೀರಲ್ಲ, ಬಾಜೂಕ ನಿಂತೋರಿಗಿ ಏನ್ ಕಾಣ್ತದ?"

"ಏನೂ ಕಾಣಂಗಿಲ್ಲ. ಕಾಣಬಾರದಂತನೇ ಟವಲ್."

"ಮತ್ತ ಆ ಮುದುಕಿ ಬಾಯಿ ಬಿಟ್ಟು ಅಳಬೇಕಿತ್ತೇನು?"

ನಮ್ಮಲ್ಲಿ ಎತ್ತಿನ ಬೆಲೆ ಬಾಯಲ್ಲಿ ಆಡುವುದಿಲ್ಲ, ಟವಲಿನ ಕೆಳಗೆ ಬೆರಳು ಒತ್ತಿ ತಿಳಿಸುತ್ತೇವೆ. ಮುಖದಲ್ಲಿ ಒಂದು ಗೆರೆ ಕದಲಬಾರದು. ಎದುರಿನವನ ಮುಖ ಓದುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನ್ನದು. ಮುದುಕಿಯ ಮುಖವನ್ನು ಮಾತ್ರ ನಾನು ನೋಡಿರಲೇ ಇಲ್ಲ. ಕುದುರೆಯ ಕಾಲು ನೋಡುತ್ತಿದ್ದೆ.

ಸಾಹುಕಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದರು. "ಹಾಲ್ ತಗೋ ಬೇಟಾ, ಪ್ರತಿ ತಿಂಗಳು. ಒಂದ ಶರತ್ತು. ಇವರು ಬರಬಾರದು."

ಬಿಡುತ್ತೇನೆಯೇ? ಅಲ್ಲೇ ಚೌಕಾಸಿಗೆ ಇಳಿದೆ. ಮುಂದಿನ ಸಾಲು ಬಿಟ್ಟುಕೊಟ್ಟೆ, ನಡುವಿನ ಸಾಲು ಬಿಟ್ಟುಕೊಟ್ಟೆ. ಕೊನೆಗೆ ಬಾಗಿಲ ಹತ್ತಿರದ ಕುರ್ಚಿಗೆ ಸೌದಾ ಮುಗಿಯಿತು, ಅದೂ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಕೂರಬೇಕೆಂಬ ಕರಾರಿನ ಮೇಲೆ. ಆ ಚಿತ್ರವನ್ನು ಅಷ್ಟೊಂದು ಯಾಕೆ ಹೊಗಳುತ್ತಾರೆ ಎಂಬುದು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಬಾಯಲ್ಲಿ ಎಲೆ.